ಒತ್ತಕ್ಷರ ಉಳಿಸಿದ ಬ್ರೌಸರ್ ಯಾವುದು?

ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅದರಲ್ಲಿ ನಮ್ಮ ಬಡಾವಣೆಯ ಹೆಸರು ಬರೆದು ನೋಡುವುದು ಆ ಸೈಬರ್ ಸೆಂಟರಿನ ಹುಡುಗನ ಅಭ್ಯಾಸವಾಗಿತ್ತು. 2006-07ರ ಮಾತು. ಬೆಂಗಳೂರಿನಲ್ಲಿ ನಾಗರಬಾವಿ ಕಡೆಯಿಂದ ಅನ್ನಪೂರ್ಣೇಶ್ವರಿ ನಗರಕ್ಕೆ ಬರುವ ರಸ್ತೆಯಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ಪ್ಲೈವುಡ್ ಅಡ್ಡ ಹಾಕಿ ಎಂಟು ಗೂಡು ಮಾಡಿದ ಅಂಗಡಿ ಅದು. ಜೆರಾಕ್ಸ್, ಲ್ಯಾಮಿನೇಷನ್, ಪ್ರಿಂಟೌಟ್, ಬ್ರೌಸಿಂಗ್. ಮಲ್ಲತ್ತಹಳ್ಳಿ ಕಡೆಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಬರುತ್ತಿದ್ದರು. ಪಿಯುಸಿ ರಿಸಲ್ಟಿನ ದಿನ ಮೆಟ್ಟಿಲ ಕೆಳಗಿನವರೆಗೂ ಸಾಲು, ಎಲ್ಲರ ಕೈಯಲ್ಲೂ ರಿಜಿಸ್ಟರ್ ನಂಬರ್ ಬರೆದ ಚೀಟಿ.

ಸಂಜೆ ಹೊತ್ತು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಬರುತ್ತಿದ್ದರು. ಅವರಿಗೆ ಮೇಲ್ ಬೇಡ, ಚಾಟ್ ಬೇಡ. ಅರ್ಧ ಗಂಟೆ ಕನ್ನಡ ಓದಬೇಕು, ಅಷ್ಟೇ. ಒಂದು ದಿನ ಅವರು ಕೂತ ಗೂಡಿನಿಂದಲೇ ಕೂಗಿದರು: "ಏನಪ್ಪಾ ಇದು, ಒತ್ತೆಲ್ಲ ಒಡೆದು ಚೂರಾಗಿದೆಯಲ್ಲ?"

ಹುಡುಗ ಎದ್ದು ಹೋಗಿ ನೋಡಿದ. "ಮೇಷ್ಟ್ರೇ, ನೀವು ನರಿ ಒತ್ತಿದೀರ. ಕನ್ನಡಕ್ಕೆ ನೀಲಿ ಇ ಒತ್ತಿ. ನರಿಯಲ್ಲಿ ಒತ್ತು ನಿಲ್ಲಲ್ಲ."

ನೀಲಿ ಇ ಎಂದರೆ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್. ನರಿ ಎಂದರೆ ಮೊಜಿಲ್ಲಾದ ಫೈರ್‌ಫಾಕ್ಸ್. ಪ್ರಪಂಚದಲ್ಲಿ ಆಗ ಈ ಎರಡರ ನಡುವೆ ನಡೆಯುತ್ತಿದ್ದ ಪೈಪೋಟಿಯನ್ನು ಯಾರು ವೇಗ, ಯಾರು ಭದ್ರ, ಯಾರಿಗೆ ಎಷ್ಟು ಪಾಲು ಎಂದು ಅಳೆಯುತ್ತಿದ್ದರು. ನಮ್ಮ ಬೀದಿಯ ಆ ಮಹಡಿಯ ಮೇಲೆ ಅಳತೆಗೋಲು ಒಂದೇ: ಒತ್ತಕ್ಷರ ನಿಲ್ಲುತ್ತದೋ ಇಲ್ಲವೋ. ಬ್ರೌಸರುಗಳ ಕಾಳಗದ ಚರಿತ್ರೆ ಬರೆದವರು ಈ ಅಳತೆಗೋಲನ್ನು ಹಿಡಿದು ನೋಡಿದ್ದು ಕಡಿಮೆ. ಕನ್ನಡ ಓದುಗನ ಮಟ್ಟಿಗೆ ಮಾತ್ರ ಇಡೀ ಕಥೆ ಇರುವುದೇ ಅಲ್ಲಿ.

ಅನ್ನಪೂರ್ಣೇಶ್ವರಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಓದುವವನಿಗೆ ಆರು ಅಕ್ಷರ. ಕಂಪ್ಯೂಟರಿನ ಹೊಟ್ಟೆಯಲ್ಲಿ, ಯೂನಿಕೋಡಿನ ಲೆಕ್ಕದಲ್ಲಿ, ಅದು 15 ಸಂಕೇತಗಳ ಸರ. ನಕಾರ, ವಿರಾಮ, ಮತ್ತೆ ನಕಾರ ಎಂದು ಮೂರು ಸಂಕೇತ ಸಾಲಾಗಿ ನಿಂತಿರುತ್ತವೆ. ಎರಡನೆಯ ನಕಾರ ಮೊದಲನೆಯದರ ಕಾಲ ಬಳಿ ಒತ್ತಾಗಿ ಕೂರಬೇಕೆಂದು ಯಾರಾದರೂ ಹೇಳಬೇಕು. 'ರ್ಣೇ'ಯಲ್ಲಿ ಕೆಲಸ ಇನ್ನೂ ಕಷ್ಟ. ರಕಾರ ಮೊದಲು ಬಂದರೂ ಅರ್ಕಾವತ್ತಾಗಿ ಣಕಾರದ ಆಚೆಗೆ ಹೋಗಿ ನಿಲ್ಲಬೇಕು, ಏತ್ವ ಣಕಾರದ ತಲೆಗೆ ಸೇರಬೇಕು, ದೀರ್ಘ ಅದರ ಪಕ್ಕಕ್ಕೆ ಬರಬೇಕು. ಆಮೇಲೆ ಶಕಾರದ ಕೆಳಗೆ ವಕಾರದ ಒತ್ತು. ಸರಳ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುವುದಷ್ಟೇ ಗೊತ್ತಿರುವ ತಂತ್ರಾಂಶಕ್ಕೆ ಈ ಹೆಸರು ಕೊಟ್ಟರೆ ಚೂರುಚೂರಾಗಿ ಚೆಲ್ಲುತ್ತದೆ. ಸೈಬರ್ ಸೆಂಟರಿನ ಹುಡುಗನಿಗೆ ಇದೆಲ್ಲ ಶಾಸ್ತ್ರ ಗೊತ್ತಿರಲಿಲ್ಲ. ಈ ಹೆಸರು ಸರಿಯಾಗಿ ಬಂದರೆ ಬೇರೆ ಎಲ್ಲವೂ ಸರಿಯಾಗಿ ಬರುತ್ತದೆ ಎಂಬುದು ಮಾತ್ರ ಅನುಭವದಿಂದ ಗೊತ್ತಾಗಿತ್ತು.

ಕಥೆಯನ್ನು 1995ರ ಆಗಸ್ಟಿನಿಂದ ಹೇಳುವುದು ಸರಿ. ಆ ಒಂದು ತಿಂಗಳಲ್ಲಿ ನಡೆದದ್ದನ್ನು ನೋಡಿ. ಆಗಸ್ಟ್ 9ರಂದು ನೆಟ್‌ಸ್ಕೇಪ್ ಎಂಬ, ಹುಟ್ಟಿ ಒಂದೂವರೆ ವರ್ಷವೂ ತುಂಬದ ಕಂಪನಿ ಅಮೆರಿಕದ ಷೇರುಪೇಟೆಗೆ ಬಂತು. 28 ಡಾಲರಿಗೆ ಕೊಟ್ಟ ಷೇರು ಸಂಜೆಗೆ 58 ಡಾಲರ್ ದಾಟಿತ್ತು. ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಮರುದಿನ, 16ರಂದು, ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮೊದಲ ಆವೃತ್ತಿ ಬಿಟ್ಟಿತು. 24ರಂದು ವಿಂಡೋಸ್ 95 ಅಂಗಡಿಗೆ ಬಂತು. ನಮಗೆ ಬಾಗಿಲು ತೆರೆದ ವಾರದಲ್ಲೇ ಹೊರಗೆ ಕಾಳಗ ಶುರುವಾಗಿತ್ತು.

ಕಾದಾಡಿದವರು ದಾಯಾದಿಗಳು. ಇಬ್ಬರ ಮೂಲವೂ 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ ಮೊಸಾಯಿಕ್ ಎಂಬ ಬ್ರೌಸರ್. ಅದನ್ನು ಬರೆದವರಲ್ಲಿ ಒಬ್ಬನಾದ ಮಾರ್ಕ್ ಆಂಡ್ರೀಸೆನ್ ಹೊರಗೆ ಬಂದು, ಜಿಮ್ ಕ್ಲಾರ್ಕ್ ಜೊತೆ ಸೇರಿ ನೆಟ್‌ಸ್ಕೇಪ್ ಕಟ್ಟಿದ. ಮೈಕ್ರೋಸಾಫ್ಟ್ ಅದೇ ಮೊಸಾಯಿಕ್‌ನ ಪರವಾನಗಿಯನ್ನು ಸ್ಪೈಗ್ಲಾಸ್ ಎಂಬ ಕಂಪನಿಯಿಂದ ಪಡೆದು ತನ್ನದನ್ನು ಕಟ್ಟಿತು.

ನೆಟ್‌ಸ್ಕೇಪ್ ಮೆರೆಯುತ್ತಿದ್ದ ಕಾಲದಲ್ಲೇ ಕನ್ನಡ ಜಾಲಕ್ಕೆ ಕಾಲಿಟ್ಟಿತು. 1996ರಲ್ಲಿ ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಆರಂಭಿಸಿದರು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ಅದೇ ವರ್ಷ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ವಿ. ಜಿ. ಸಿದ್ಧಾರ್ಥ ಅವರ ಮೊದಲ ಕಾಫಿ ಡೇ ತೆರೆಯಿತು. ಅದು ಸೈಬರ್ ಕೆಫೆಯಾಗಿಯೇ ಹುಟ್ಟಿದ್ದು. ಆದರೆ ಅಲ್ಲಿನ ಬ್ರೌಸರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟ್ ಮಾಡಿ, ಅದನ್ನು ಓದುಗ ಇಳಿಸಿಕೊಂಡರೆ ಮಾತ್ರ ಕಾಣುವ ಕಾಲ ಅದು. ಬ್ರೌಸರ್ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆಂದೇ ನಂಬಿರುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಬರೆದ 'ಕನ್ನಡ' ಎಂಬ ಪದ ಹೇಗೆ ಕಾಣುತ್ತಿತ್ತೆಂದು ಆಗ ಕೆಲಸ ಮಾಡಿದ ಎಲ್ಲರಿಗೂ ನೆನಪಿರುತ್ತದೆ: ಮೊದಲಿಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕೊನೆಗೆ ಕ್ಯೂ ಮತ್ತು ಇನ್ನೊಂದು ಎ. ನಮ್ಮ ಭಾಷೆಯ ಹೆಸರು ಹಾಗೆ ಪರದೇಶಿಯಾಗಿ ಕಾಣುತ್ತಿದ್ದ ಆ ಪುಟಗಳನ್ನು ನೆನೆದರೆ ಇಂದಿಗೂ ಕಸಿವಿಸಿಯಾಗುತ್ತದೆ.

1997ರಲ್ಲಿ ಇದಕ್ಕೊಂದು ಉಪಾಯ ಬಂತು. ಓದುಗ ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಪುಟದ ಜೊತೆಗೇ ಫಾಂಟ್ ಬರುತ್ತದೆ. ಡೈನಾಮಿಕ್ ಫಾಂಟ್ ಎಂದರು. ಎರಡು ಬ್ರೌಸರುಗಳೂ ಅದನ್ನು ತಂದವು, ಎರಡೂ ಬೇರೆ ಬೇರೆ ರೀತಿ. ನೆಟ್‌ಸ್ಕೇಪ್ 4 ಬಿಟ್‌ಸ್ಟ್ರೀಮ್ ಕಂಪನಿಯ ಪಿಎಫ್‌ಆರ್ ಕಡತ ಕೇಳುತ್ತಿತ್ತು. ಎಕ್ಸ್‌ಪ್ಲೋರರ್ 4 ಮೈಕ್ರೋಸಾಫ್ಟಿನ ಇಒಟಿ ಕಡತ ಕೇಳುತ್ತಿತ್ತು. ಕನ್ನಡ ತಾಣ ನಡೆಸುವವನು ಎರಡನ್ನೂ ಮಾಡಿಡಬೇಕು. ಒಂದೇ ಮಾಡಿದರೆ ಅರ್ಧ ಓದುಗರಿಗೆ ಪಿ, ಕ್ಯೂ, ಪೌಂಡು. ಎರಡು ಆನೆಗಳು ಕಾದಾಡಿದರೆ ನಡುವಿನ ಹುಲ್ಲಿಗೆ ಏನಾಗುತ್ತದೆಂದು ತಿಳಿಯಲು ಕನ್ನಡದ ಆ ಕಾಲದ ತಾಣಗಳನ್ನು ನೋಡಿದರೆ ಸಾಕಿತ್ತು.

ಆನೆಗಳ ಕಾಳಗವಂತೂ ಜೋರಾಗಿಯೇ ನಡೆಯಿತು. 1997ರ ಸೆಪ್ಟೆಂಬರ್ ಕೊನೆಗೆ ಎಕ್ಸ್‌ಪ್ಲೋರರ್ 4 ಬಿಡುಗಡೆಯಾದ ರಾತ್ರಿ, ಮೈಕ್ರೋಸಾಫ್ಟಿನವರು ಭಾರಿ ಗಾತ್ರದ ಒಂದು 'ಇ' ಚಿಹ್ನೆಯನ್ನು ತಂದು ನೆಟ್‌ಸ್ಕೇಪ್ ಕಚೇರಿಯ ಹುಲ್ಲುಹಾಸಿನ ಮೇಲೆ ನಿಲ್ಲಿಸಿ ಹೋದರು. ಬೆಳಿಗ್ಗೆ ನೆಟ್‌ಸ್ಕೇಪಿನವರು ಅದನ್ನು ಉರುಳಿಸಿ, ಮೇಲೆ ತಮ್ಮ ಮೊಜಿಲ್ಲಾ ಡೈನೋಸಾರನ್ನು ನಿಲ್ಲಿಸಿ, ನಮಗೆ 72, ನಿಮಗೆ 18 ಎಂದು ಬಳಕೆದಾರರ ಪಾಲಿನ ಅಂಕಿ ಬರೆದು ಕತ್ತಿಗೆ ನೇತುಹಾಕಿದರು. ಆ ಅಂಕಿ ಬಾಳಲಿಲ್ಲ. ಎಕ್ಸ್‌ಪ್ಲೋರರ್ ವಿಂಡೋಸ್ ಜೊತೆಗೇ ಪುಕ್ಕಟೆ ಬರುತ್ತಿತ್ತು. ಕಂಪ್ಯೂಟರ್ ಕೊಂಡವನ ಮನೆಗೆ ಅದೂ ಬಂದಿರುತ್ತಿತ್ತು. ಬೇರೆಯದನ್ನು ಹುಡುಕಿಕೊಂಡು ಹೋಗಲು, ನಮ್ಮ ಡಯಲ್-ಅಪ್ ಕಾಲದಲ್ಲಿ, ಗಂಟೆಗಟ್ಟಲೆ ಫೋನ್ ಬಿಲ್ಲು ಸುಡಬೇಕಿತ್ತು. 1998ರ ಮೇ 18ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು. 2000ದಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಕಂಪನಿಯನ್ನು ಎರಡಾಗಿ ಒಡೆಯಲು ಆದೇಶಿಸಿದರು. ಮರುವರ್ಷ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಅಮೆರಿಕ ಆನ್‌ಲೈನ್‌ಗೆ ಮಾರಾಟವಾಗಿತ್ತು.

ಮುಳುಗುವ ಮುನ್ನ ನೆಟ್‌ಸ್ಕೇಪ್ ಒಂದು ದೊಡ್ಡ ಕೆಲಸ ಮಾಡಿತು. 1998ರ ಮಾರ್ಚ್ 31ರಂದು ತನ್ನ ಬ್ರೌಸರಿನ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಮುಂದೆ ನರಿ ಹುಟ್ಟಿದ್ದು ಅದರ ಬೂದಿಯಿಂದ. ಆದರೆ ಹೊಸದಾಗಿ ಕಟ್ಟಿದ ಆ ಬ್ರೌಸರಿನಲ್ಲಿ ಹಳೆಯ ಪಿಎಫ್‌ಆರ್ ಫಾಂಟಿಗೆ ಜಾಗವಿರಲಿಲ್ಲ. ಉಳಿದದ್ದು ಮೈಕ್ರೋಸಾಫ್ಟಿನ ಇಒಟಿ. ಡೈನಾಮಿಕ್ ಫಾಂಟ್ ನಂಬಿದ್ದ ಕನ್ನಡ ತಾಣಗಳು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆದುಕೊಳ್ಳುವ ಮನೆಗಳಾದವು. ನೆಟ್‌ಸ್ಕೇಪ್ ಸೋತ ಸುದ್ದಿ ಕನ್ನಡ ಓದುಗನಿಗೆ ಮುಟ್ಟಿದ್ದು ಹೀಗೆ.

2001ರಲ್ಲಿ ಎಕ್ಸ್‌ಪ್ಲೋರರ್ 6 ಮತ್ತು ವಿಂಡೋಸ್ ಎಕ್ಸ್‌ಪಿ ಬಂದವು. ಎಕ್ಸ್‌ಪ್ಲೋರರ್ 6ನ್ನು ಬೈದವರು ಬಹಳ ಮಂದಿ, ಅದಕ್ಕೆ ಕಾರಣವೂ ಇತ್ತು. ಎದುರಾಳಿ ಇಲ್ಲವೆಂದಾದ ಮೇಲೆ ಮೈಕ್ರೋಸಾಫ್ಟ್ ಐದು ವರ್ಷ ಹೊಸ ಆವೃತ್ತಿಯನ್ನೇ ತರಲಿಲ್ಲ. ಹಾಗಿದ್ದೂ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಕನ್ನಡವನ್ನು ಯೂನಿಕೋಡಿನಲ್ಲಿ ತೋರಿಸಲು ಕಲಿತ ಮೊದಲ ವಿಂಡೋಸ್ ಎಕ್ಸ್‌ಪಿ. ಅದರೊಳಗೆ ತುಂಗಾ ಎಂಬ ಕನ್ನಡ ಫಾಂಟ್ ಇತ್ತು, ಒತ್ತು ಜೋಡಿಸುವ ಯಂತ್ರ ಇತ್ತು, ಅದನ್ನು ಬಳಸಲು ಎಕ್ಸ್‌ಪ್ಲೋರರಿಗೆ ಗೊತ್ತಿತ್ತು. ಯಂತ್ರವನ್ನು ಎಚ್ಚರಿಸಬೇಕಿತ್ತು, ಅಷ್ಟೇ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ಪುಟದಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಸಿಡಿ ಎಲ್ಲಿದೆ? ಕಂಪ್ಯೂಟರ್ ಜೋಡಿಸಿಕೊಟ್ಟವನ ಹತ್ತಿರ. ಮೇಷ್ಟ್ರಿಗೆ ಕನ್ನಡ ಕಾಣಲೆಂದು ನಮ್ಮ ಹುಡುಗ ಎಂಟು ಕಂಪ್ಯೂಟರಿಗೂ ಒಂದೇ ಸಿಡಿಯನ್ನು ಒಂದಾದ ಮೇಲೊಂದು ಹಾಕಿ ಒಂದು ಭಾನುವಾರವನ್ನೆಲ್ಲ ಕಳೆದಿದ್ದ. ಕನ್ನಡದ ಕೆಲಸವೆಂದು ಅವನು ಅದಕ್ಕೆ ಹೆಸರಿಟ್ಟಿರಲಿಲ್ಲ. ನಾನು ಇಡುತ್ತೇನೆ.

ಆ ಚೌಕಕ್ಕೆ ಟಿಕ್ ಹಾಕಿದವರಿಗೆ ಹೊಸ ಲೋಕ ತೆರೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಗಿತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ 'ಸಂಪದ' ತಾಣ ಬಂತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶದಲ್ಲಿ ಯೂನಿಕೋಡ್ ಬರೆಯಬಹುದಾಯಿತು. ಜಾಲದಲ್ಲಿ ಕನ್ನಡ ಬರೆಯುವ ಒಂದು ತಲೆಮಾರು ಕಣ್ಣೆದುರೇ ಬೆಳೆಯಿತು.

ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರ್ 9ರಂದು. ಸ್ವತಂತ್ರ ತಂತ್ರಾಂಶದ ಮೇಲೆ ಪ್ರೀತಿಯಿದ್ದ ಬೆಂಗಳೂರಿನ ಹುಡುಗರು ಅದನ್ನು ಸಿಡಿಯಲ್ಲಿ ಬರೆದು ಹಂಚಿದರು. ಟ್ಯಾಬ್‌ಗಳಿದ್ದವು, ಪಾಪ್-ಅಪ್ ಕಾಟ ತಪ್ಪಿತು, ವೈರಸ್ ಭಯ ಕಡಿಮೆಯಾಯಿತು. ಸೈಬರ್ ಸೆಂಟರಿನವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಕನ್ನಡದಲ್ಲಿ ಒಂದು ಕುಂದು. ಪುಟದ ಸಾಲುಗಳನ್ನು ಎರಡೂ ಅಂಚಿಗೆ ಸಮನಾಗಿ ಎಳೆದು ಕೂರಿಸಿದ್ದರೆ, ಪತ್ರಿಕೆಯ ಕಾಲಂನ ಹಾಗೆ, ಫೈರ್‌ಫಾಕ್ಸ್ 2 ಅಕ್ಷರಗಳ ನಡುವೆಯೇ ಜಾಗ ತುರುಕುತ್ತಿತ್ತು. ಇಂಗ್ಲಿಷಿಗೆ ಅದರಿಂದ ತೊಂದರೆಯಿಲ್ಲ. ಕನ್ನಡದಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ಸರಿಯುತ್ತಿತ್ತು, ಗುಣಿತ ಒಂಟಿಯಾಗಿ ಚುಕ್ಕಿಗಳ ಬಳೆಯ ಮೇಲೆ ನಿಲ್ಲುತ್ತಿತ್ತು. ಮೇಷ್ಟ್ರು ಕಂಡು ಕೂಗಿದ್ದು ಅದನ್ನೇ. ಎಡಕ್ಕೆ ಮಾತ್ರ ಜೋಡಿಸಿದ ಪುಟಗಳು ಅದೇ ನರಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಕನ್ನಡ, ತಮಿಳು, ಹಿಂದಿ ಬರಹಗಾರರೆಲ್ಲ ತಂತಮ್ಮ ಪುಟಗಳ ಬಲ ಅಂಚನ್ನು ಸಡಿಲ ಬಿಟ್ಟು ನರಿಯನ್ನು ಸಂಭಾಳಿಸಿದರು.

2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಿಡುಗಡೆಯಾಯಿತು. ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಸಲ ಇಳಿಸಿಕೊಂಡದ್ದಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು. ನಮಗೆ ಮುಖ್ಯವಾದದ್ದು ಬೇರೆ. ಅಕ್ಷರ ಬಿಡಿಸುವ ಒಳಗಿನ ಯಂತ್ರವನ್ನೇ ಅವರು ಹೊಸದಾಗಿ ಬರೆದಿದ್ದರು. ಹುಡುಗ ಅದನ್ನು ಹಾಕಿ, ವಾಡಿಕೆಯಂತೆ ಬಡಾವಣೆಯ ಹೆಸರಿರುವ ಪುಟ ತೆರೆದ. ನಕಾರದ ಒತ್ತು, ಣಕಾರದ ಅರ್ಕಾವತ್ತು, ವಕಾರದ ಒತ್ತು, ಎಲ್ಲ ತಂತಮ್ಮ ಜಾಗದಲ್ಲಿ. "ಮೇಷ್ಟ್ರೇ, ಇನ್ಮೇಲೆ ನರೀನೂ ಒತ್ತಬಹುದು" ಎಂದ.

ಆ ಸೆಪ್ಟೆಂಬರಿನಲ್ಲೇ ಗೂಗಲ್ ಕ್ರೋಮ್ ಬಂತು. ಅದರ ಕಥೆ ಎಲ್ಲರಿಗೂ ಗೊತ್ತು. ಮದುರೆಯಲ್ಲಿ ಹುಟ್ಟಿದ ಸುಂದರ್ ಪಿಚೈ ಅದರ ಹೊಣೆ ಹೊತ್ತಿದ್ದರು. ನಾಲ್ಕು ವರ್ಷದೊಳಗೆ ಅದು ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತು.

ಬೆಂಗಳೂರು ಬರೀ ನೋಡುತ್ತ ಕೂತಿರಲಿಲ್ಲ. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಇಲ್ಲಿನ ಪುಟ್ಟ ಕಂಪನಿ 'ಎಪಿಕ್' ಎಂಬ ಬ್ರೌಸರ್ ತಂದಿತು. ಅಲೋಕ್ ಭಾರದ್ವಾಜ್ ಅದರ ಸ್ಥಾಪಕರು. ಫೈರ್‌ಫಾಕ್ಸಿನ ತೆರೆದ ಸಂಕೇತದ ಮೇಲೆ ಕಟ್ಟಿದ, ಭಾರತಕ್ಕೆಂದೇ ಮಾಡಿದ ಬ್ರೌಸರ್. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದರೊಳಗೇ ಟೈಪ್ ಮಾಡಬಹುದಿತ್ತು, ವೈರಸ್ ತಡೆಯೂ ಒಳಗೇ ಇತ್ತು. ಬೇರೆ ಏನನ್ನೂ ಹಾಕಿಕೊಳ್ಳದೆ ಸೈಬರ್ ಸೆಂಟರಿನಲ್ಲಿ ಕೂತು ಕನ್ನಡ ಬರೆಯುವುದು ಆ ದಿನಗಳಲ್ಲಿ ಸಣ್ಣ ಮಾತಲ್ಲ. 2013ರಲ್ಲಿ ಅದು ದಾರಿ ಬದಲಿಸಿ, ಕ್ರೋಮಿನ ತೆರೆದ ಸಂಕೇತವಾದ ಕ್ರೋಮಿಯಂ ಮೇಲೆ ನಿಂತು, ಗೌಪ್ಯತೆಯನ್ನೇ ಮುಂದಿಟ್ಟುಕೊಂಡು ಹೊಸದಾಗಿ ಬಂತು. ಕನ್ನಡಿಗರ ಮನೆಮಾತಾಗಲು ಅದಕ್ಕೆ ಸಾಧ್ಯವಾಗಲಿಲ್ಲ. ಇನ್ನಷ್ಟು ಮಂದಿ ಕೈಹಿಡಿಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಷ್ಟರಲ್ಲಿ ಕಣ ಮೊಬೈಲಿಗೆ ಹೋಗಿತ್ತು. ಇಲ್ಲಿ ಒತ್ತಕ್ಷರವನ್ನು ಉಳಿಸಿದ್ದು ಯಾರೂ ಎಣಿಸದ ಒಂದು ಬ್ರೌಸರ್, ನಾರ್ವೆಯ ಒಪೇರಾ ಮಿನಿ.

ಆ ಕಾಲದ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಫಾಂಟೇ ಇರುತ್ತಿರಲಿಲ್ಲ. ಪುಟ ತೆರೆದರೆ ಬರೀ ಖಾಲಿ ಚೌಕಗಳು, ಸಾಲುಸಾಲು ಚೌಕಗಳು. ಆಗ ಬಾಯಿಂದ ಬಾಯಿಗೆ ಹರಡಿದ ಒಂದು ಗುಟ್ಟಿತ್ತು. ಒಪೇರಾ ಮಿನಿ ತೆರೆದು, ಅಡ್ರೆಸ್ ಬರೆಯುವ ಕಡೆ 'ಒಪೇರಾ' ಎಂದು ಇಂಗ್ಲಿಷಿನಲ್ಲಿ ಒತ್ತಿ, ಎರಡು ಚುಕ್ಕಿ ಇಟ್ಟು, 'ಕಾನ್ಫಿಗ್' ಎಂದು ಸೇರಿಸಬೇಕು. ಮೆನುವಿನಲ್ಲಿ ಎಲ್ಲೂ ಕಾಣದ ಒಂದು ಪುಟ ತೆರೆದುಕೊಳ್ಳುತ್ತದೆ. ಕೆಳಗೆ ಇಳಿದರೆ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಲೇ ಎಂಬ ಪ್ರಶ್ನೆ. ಅಲ್ಲಿ 'ಎಸ್' ಆರಿಸಿ ಸೇವ್ ಮಾಡಿದರೆ ಮುಗಿಯಿತು. ಒಪೇರಾ ಮಿನಿ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಪುಟವನ್ನು ನೇರ ಫೋನಿಗೆ ತರದೆ, ಮೊದಲು ತನ್ನ ಸರ್ವರಿಗೆ ತರಿಸಿ, ಹಿಂಡಿ ಸಣ್ಣದು ಮಾಡಿ ಕಳಿಸುತ್ತಿತ್ತು. ಈ ಗುಂಡಿ ಒತ್ತಿದ ಮೇಲೆ ಆ ಸರ್ವರ್ ಕನ್ನಡದ ಅಕ್ಷರಗಳನ್ನು ತಾನೇ ಜೋಡಿಸಿ, ಒತ್ತು ಕೂರಿಸಿ, ಚಿತ್ರವಾಗಿ ಕಳಿಸುತ್ತಿತ್ತು. ಫೋನಿಗೆ ಅದು ಬರೀ ಪಟ. ಓದುಗನಿಗೆ ಕನ್ನಡ. ಡೇಟಾ ಸ್ವಲ್ಪ ಹೆಚ್ಚು ಹೋಗುತ್ತಿತ್ತು, ಅಕ್ಷರ ತುಸು ಒರಟು. ಆದರೆ ಒಂದೂವರೆ ಇಂಚಿನ ಪರದೆಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡು, ಕನ್ನಡ ಓದಿದ ಮೊದಲ ಅನುಭವ ಸಾವಿರಾರು ಜನರಿಗೆ ಸಿಕ್ಕಿದ್ದು ಹಾಗೆ. ಈ ಗುಟ್ಟನ್ನು ಮೇಷ್ಟ್ರ ಫೋನಿನಲ್ಲಿ ಮಾಡಿಕೊಟ್ಟವನೂ ನಮ್ಮ ಹುಡುಗನೇ. ಮಾಡಿಕೊಟ್ಟು ತನ್ನ ಅರ್ಧ ಗಂಟೆಯ ಗಿರಾಕಿಯನ್ನು ಕಳೆದುಕೊಂಡ.

ಆಮೇಲೆ ಚೀನಾದ ಯುಸಿ ಬ್ರೌಸರ್ ಬಂತು. ಅದೂ ಡೇಟಾ ಹಿಂಡುವುದರಲ್ಲಿ ನಿಪುಣ. ದುಬಾರಿ ಡೇಟಾದ ದಿನಗಳಲ್ಲಿ ಭಾರತದ ಮೊಬೈಲುಗಳಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು. 2015ರಲ್ಲೇ ಕೆನಡಾದ ಸಿಟಿಜನ್ ಲ್ಯಾಬ್ ಸಂಶೋಧಕರು ಅದು ಬಳಕೆದಾರರ ವಿವರ ಸೋರಿಸುತ್ತಿದೆ ಎಂದು ಎಚ್ಚರಿಸಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಿಂಡುವ ವಿದ್ಯೆಗೆ ಬೆಲೆ ಕಡಿಮೆಯಾಯಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಯುಸಿ ಇತ್ತು.

ಈಗ ಒತ್ತು ಒಡೆಯುವುದಿಲ್ಲ. ಅದರ ಶ್ರೇಯಸ್ಸು ಯಾವ ಒಂದು ಬ್ರೌಸರಿಗೂ ಸಲ್ಲುವುದಿಲ್ಲ. ಹಾರ್ಫ್‌ಬಜ್ ಎಂಬ ತೆರೆದ ತಂತ್ರಾಂಶ ಅದನ್ನು ಸಾಧಿಸಿತು. ಪಾರ್ಸಿಯಲ್ಲಿ ಆ ಹೆಸರಿಗೆ 'ತೆರೆದ ಅಕ್ಷರ' ಎಂದರ್ಥ. ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್‌ಬೊದ್ ಅದನ್ನು ಬೆಳೆಸಿದರು. ಪಾರ್ಸಿ ಬರೆಯುವ ಅರಬ್ಬಿ ಲಿಪಿಗೂ ನಮ್ಮಂತೆಯೇ ಜೋಡಣೆಯ ಕಷ್ಟವಿದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಇಂದು ಅಕ್ಷರ ಜೋಡಿಸಲು ಅದನ್ನೇ ಬಳಸುತ್ತವೆ. ಮಾರುಕಟ್ಟೆಯಲ್ಲಿ ಎದುರಾಳಿಗಳಾದವರು ಕನ್ನಡದ ಒತ್ತು ಕೂರಿಸುವಾಗ ಒಂದೇ ಉಪಕರಣ ಹಿಡಿಯುತ್ತಾರೆ. ಈ ಮೂವತ್ತು ವರ್ಷದ ಕಾಳಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಕಾಡುವ ಸಂಗತಿಯೂ ಇದೆ. ಒಪೇರಾ 2013ರಲ್ಲಿ ತನ್ನ ಯಂತ್ರ ಬಿಟ್ಟು ಕ್ರೋಮಿಯಂಗೆ ಬಂತು. ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿ ಅಲ್ಲಿಗೇ ಬಂತು. ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ಕಣ್ಣು ಮುಚ್ಚಿತು. ಹೆಸರು ಹಲವು, ಒಳಗಿನ ಯಂತ್ರ ಬಹುಪಾಲು ಗೂಗಲಿನದು. ಹೊರಗೆ ಉಳಿದವು ಆ್ಯಪಲ್‌ನ ಸಫಾರಿ ಮತ್ತು ಬಡಕಲಾದ ನರಿ. 2023ರಲ್ಲಿ ಕೇಂದ್ರ ಸರ್ಕಾರ ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆ ಘೋಷಿಸಿತು. ಅದನ್ನು ನಡೆಸುವುದರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೈಜೋಡಿಸಿತ್ತು. 2025ರ ಮಾರ್ಚಿನಲ್ಲಿ ಜೋಹೊ ಕಂಪನಿಯ 'ಉಲಾ' ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಗೆದ್ದಿತು. ಅದೂ ಕ್ರೋಮಿಯಂ ಮೇಲೆ ಕಟ್ಟಿದ್ದೇ. ಅದೇ ವರ್ಷ ಸೆಪ್ಟೆಂಬರ್ 2ರಂದು, ಕ್ರೋಮ್ ಹುಟ್ಟಿ ಸರಿಯಾಗಿ 17 ವರ್ಷವಾದ ದಿನ, ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಗೂಗಲ್ ಕ್ರೋಮನ್ನು ಮಾರಬೇಕಿಲ್ಲ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಹೇಳಿದರು. ನೀಲಿ ಇ ಒಬ್ಬನೇ ಆಳುತ್ತಿದ್ದಾಗ ಐದು ವರ್ಷ ಏನೂ ಬದಲಾಗಲಿಲ್ಲವೆಂಬುದನ್ನು ಕಂಡವರು ನಾವು. ಅಂದು ಮೇಷ್ಟ್ರಿಗೆ ಒಂದರಲ್ಲಿ ಒತ್ತು ಒಡೆದರೆ ಒತ್ತಲು ಪಕ್ಕದಲ್ಲಿ ಇನ್ನೊಂದು ಚಿತ್ರವಿತ್ತು.

ಆ ಮಹಡಿಯ ಮೇಲೆ ಈಗ ಗೂಡುಗಳಿಲ್ಲ. ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಹುಡುಗನ ತಲೆಗೂದಲು ನೆರೆತಿದೆ. ಆಧಾರ್ ತಿದ್ದುಪಡಿ, ಪಹಣಿ, ಆಸ್ತಿ ತೆರಿಗೆ ಎಂದು ಜನ ಬರುತ್ತಾರೆ. ಮೊನ್ನೆ ಹೋದಾಗ ಹೊಸ ಲ್ಯಾಪ್‌ಟಾಪ್ ತಂದು ಬಿಚ್ಚುತ್ತಿದ್ದ. ಬ್ರೌಸರ್ ತೆರೆದು, ಹುಡುಕುವ ಪಟ್ಟಿಯಲ್ಲಿ ಎರಡು ಬೆರಳಿನಲ್ಲಿ ಬಡಾವಣೆಯ ಹೆಸರು ಒತ್ತಿದ. ಮುಖ ಪರದೆಯ ಹತ್ತಿರಕ್ಕೆ ತಂದು ಣಕಾರದ ಪಕ್ಕದ ಅರ್ಕಾವತ್ತನ್ನು ನೋಡಿದ. ಆಮೇಲೆ ಮೊದಲ ಗಿರಾಕಿಯನ್ನು ಕರೆದ.